ತಮ್ಮನ ಪೆಟ್ಟಿಗೆ ಮೇಲೆ ‘ಯುರೇನಿಯಂ’ ಎಂದು ಬರೆದಿದೆ, ಕೆಲಸ ಬಿಡಿಸಬೇಕಾ?

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ತಮ್ಮ ಕಾರವಾರದಲ್ಲಿ ಎನ್‌ಡಿಟಿ (ವಸ್ತುವನ್ನು ಒಡೆಯದೆ ಪರೀಕ್ಷೆ ಮಾಡುವ) ಕಂಪನಿಯೊಂದರಲ್ಲಿದ್ದಾನೆ. ಪೈಪುಗಳ ವೆಲ್ಡಿಂಗ್ ಸರಿಯಾಗಿದೆಯೋ ಇಲ್ಲವೋ ಎಂದು ಎಕ್ಸ್‌ರೇ ತರಹ ಫಿಲ್ಮ್ ತೆಗೆಯುವ ಕೆಲಸ. ಹೋದ ತಿಂಗಳು ಅವರ ಜೀಪು ಚಹಾ ಅಂಗಡಿ ಎದುರು ನಿಂತಿದ್ದಾಗ ಯಾರೋ ಹಿಂದೆ ಇಟ್ಟಿದ್ದ ಪೆಟ್ಟಿಗೆಯ ಫೋಟೊ ಹೊಡೆದಿದ್ದಾರೆ. ಅದರ ಮೇಲೆ ‘ಡಿಪ್ಲೀಟೆಡ್ ಯುರೇನಿಯಂ’ ಎಂದು ಬರೆದಿತ್ತು. ಈಗ ಊರಿನ ವಾಟ್ಸಾಪ್ ತುಂಬ ಅದೇ. ಬಾಂಬಿಗೆ ಹಾಕುವ ಯುರೇನಿಯಂ, 450 ಕೋಟಿ ವರ್ಷ ಆದರೂ ವಿಕಿರಣ ಹೋಗುವುದಿಲ್ಲ ಎನ್ನುತ್ತಾರೆ. ಅಕ್ಕಪಕ್ಕದವರು ಮಕ್ಕಳನ್ನು ನಮ್ಮನೆಗೆ ಕಳಿಸುವುದು ಬಿಟ್ಟಿದ್ದಾರೆ. ತಮ್ಮನ ಹೆಂಡತಿಗೆ ಈಗ ಐದು ತಿಂಗಳು. ತವರಿನವರು ಕರೆದುಕೊಂಡು ಹೋಗುತ್ತೇವೆ ಎನ್ನುತ್ತಿದ್ದಾರೆ. ಅವನ ಬಟ್ಟೆಗೆ ಅಂಟಿಕೊಂಡು ವಿಕಿರಣ ಮನೆಗೆ ಬರುತ್ತದಾ? ಕೆಲಸ ಬಿಡಿಸಬೇಕಾ?

ಉತ್ತರ: ತಂಗೀ, ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ತಮ್ಮನ ಹೆಂಡತಿ ಸೀಮಂತಕ್ಕೆಂದು ತವರಿಗೆ ಹೋಗಲಿ, ಬಾಣಂತನಕ್ಕೆ ಹೋಗಲಿ. ಗಂಡನ ಜೊತೆ ಒಂದೇ ಕೋಣೆಯಲ್ಲಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ವಿಕಿರಣ ತಾಗುತ್ತದೆ ಎಂದು ಹೆದರಿ ಹೋಗುವುದು ಬೇಡ. ತಾಗುವುದಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಬಂದವರು ಮನೆಯವರಿಗೆ ಎಕ್ಸ್‌ರೇ ಹಂಚುವುದಿಲ್ಲ ಅಲ್ವಾ, ಇದೂ ಹಾಗೆಯೇ. ಅವನ ಕೆಲಸದಲ್ಲಿ ಬಳಸುವ ಗಾಮಾ ಕಿರಣ ಬೆಳಕಿದ್ದ ಹಾಗೆ. ಬಂತು, ಹೋಯಿತು. ಬಟ್ಟೆಯಲ್ಲಿ, ಮೈಯಲ್ಲಿ, ಊಟದ ಡಬ್ಬಿಯಲ್ಲಿ ಉಳಿದುಕೊಳ್ಳುವುದಿಲ್ಲ. ಒಂದೇ ಒಂದು ಸಣ್ಣ ಅಪವಾದ ಇದೆ, ಅದನ್ನು ಕೊನೆಯ ಕಡೆ ಹೇಳುತ್ತೇನೆ.

ವಿಕಿರಣ ಸುರಕ್ಷತೆಯ ಕೆಲಸದಲ್ಲೇ ಮೂವತ್ತು ವರ್ಷ ಕಳೆದು ಈಗ ಶಿರಸಿಯಲ್ಲಿ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ನನ್ನನ್ನು ಹೆದರಿಸಿದ್ದು ‘ಯುರೇನಿಯಂ’ ಎಂಬ ಪದ ಅಲ್ಲ, ಚಹಾ ಅಂಗಡಿ. ದಾರಿಹೋಕರು ಅಷ್ಟು ಹತ್ತಿರ ಬಂದು ಪೆಟ್ಟಿಗೆಯ ಮೇಲಿನ ಅಕ್ಷರ ಓದಿ, ಫೋಟೊ ತೆಗೆದುಕೊಂಡು ಹೋಗುವಷ್ಟು ಹೊತ್ತು ಆ ಜೀಪಿನ ಹತ್ತಿರ ಯಾರೂ ಇರಲಿಲ್ಲವಾ? ಇಡೀ ಊರು ಪೆಟ್ಟಿಗೆಯ ಮೇಲೆ ಬರೆದದ್ದಕ್ಕೆ ಹೆದರಿದೆ. ಆ ಪೆಟ್ಟಿಗೆಯನ್ನು ಬಿಟ್ಟು ಚಹಾ ಕುಡಿಯಲು ಹೋದರು ಎಂಬುದನ್ನು ಮಾತ್ರ ಯಾರೂ ಕೇಳಿಲ್ಲ. ಇದು ಯಾಕೆ ನನ್ನನ್ನು ಇಷ್ಟು ಕಾಡುತ್ತದೆ ಎಂದು ತಿಳಿಯಬೇಕಾದರೆ ಆ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡಬೇಕು.

ಅದನ್ನು ಆ ಕೆಲಸದವರು ಕ್ಯಾಮೆರಾ ಎಂದೇ ಕರೆಯುತ್ತಾರೆ. ಲೆನ್ಸ್ ಇಲ್ಲ, ಏನಿಲ್ಲ. ಹಿಡಿಕೆ ಇರುವ ಉಕ್ಕಿನ ಗಟ್ಟಿ ಡಬ್ಬ, ಹಳದಿ ಬಣ್ಣದ ಮೂರೆಲೆ ಗುರುತು. ನೋಡಲು ಸಣ್ಣದು, ಎತ್ತಲು ಹೋದರೆ ಕೈ ಜಗ್ಗುತ್ತದೆ, ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ಕೆಜಿ. ಆ ಭಾರದಲ್ಲಿ ಹದಿನೈದು ಕೆಜಿಯಷ್ಟು ಡಿಪ್ಲೀಟೆಡ್ ಯುರೇನಿಯಂ. ಅದರ ನಡುವೆ ಹಾವು ಹರಿದ ಹಾಗೆ ಡೊಂಕಾದ ಒಂದು ಕೊಳವೆ. ಆ ಕೊಳವೆಯ ಮಧ್ಯದಲ್ಲಿ, ತಂತಿಯ ತುದಿಗೆ, ಸ್ಟೀಲಿನ ಪುಟ್ಟ ಕ್ಯಾಪ್ಸೂಲ್. ಅದರೊಳಗೆ ಕಾಳುಮೆಣಸಿಗಿಂತ ಚಿಕ್ಕದಾದ ಇರಿಡಿಯಂ-192 ಚೂರು. ತಂತಿಯಿಂದ ಹೊರಗೆ ತಳ್ಳಿದಾಗ ವೆಲ್ಡಿಂಗ್ ಫಿಲ್ಮ್ ತೆಗೆಯುವುದು ಈ ಚೂರು. ಯುರೇನಿಯಂ ಅದರ ಸುತ್ತ ನಿಂತ ಗೋಡೆ.

ಯುರೇನಿಯಂ ಗೋಡೆ ಯಾಕೆ? ಭಾರಕ್ಕೆ. ಗಾಮಾ ಕಿರಣವನ್ನು ತಡೆಯಬೇಕಾದರೆ ಭಾರದ, ದಟ್ಟವಾದ ಲೋಹ ಬೇಕು. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ಯುರೇನಿಯಂ 19 ಗ್ರಾಂ ತೂಗುತ್ತದೆ. ಸೀಸದಲ್ಲೇ ಮಾಡಿದರೆ ಅದೇ ರಕ್ಷಣೆಗೆ ಪೆಟ್ಟಿಗೆ ಇನ್ನೂ ದೊಡ್ಡದಾಗಿ, ಭಾರವಾಗಿ, ನಿಮ್ಮ ತಮ್ಮ ಅದನ್ನು ಹೊತ್ತು ಪೈಪಿನ ಮೇಲೆ ಹತ್ತುವ ಮಾತೇ ಇರುತ್ತಿರಲಿಲ್ಲ. ಇದೇ ಭಾರಕ್ಕಾಗಿ ಹಿಂದೆ ದೊಡ್ಡ ವಿಮಾನಗಳ ಬಾಲದಲ್ಲೂ ಇದನ್ನು ತೂಕದ ಕಲ್ಲಿನ ಹಾಗೆ ಕೂರಿಸುತ್ತಿದ್ದರು. ಹಳೆಯ ಬೋಯಿಂಗ್ 747ಗಳಲ್ಲಿ ಇತ್ತು. ಸೈನ್ಯದವರು ಟ್ಯಾಂಕ್ ಸೀಳುವ ಗುಂಡಿಗೆ ಬಳಸುವುದೂ ಇದೇ ಭಾರಕ್ಕೆ. ಅಣುಬಾಂಬಿನ ಹಾಗೆ ಸಿಡಿಯುವ ಗುಣ ಇದಕ್ಕಿಲ್ಲ.

ಈಗ ಗೋಡೆ ಮತ್ತು ಒಳಗಿನ ಚೂರು, ಎರಡನ್ನೂ ಅಳೆದು ನೋಡಿ. ಕ್ಯೂರಿ ಎಂದರೆ ಚೂರಿನ ಬಲದ ಅಳತೆ, ಮಿಲಿಸೀವರ್ಟ್ ಎಂದರೆ ಮೈಗೆ ಬೀಳುವ ವಿಕಿರಣದ ಅಳತೆ. ಹೊಸದಾಗಿ ತಂದ 50 ಕ್ಯೂರಿಯ ಇರಿಡಿಯಂ ಕೊಳವೆಯಿಂದ ಹೊರಗೆ ಬಂದು ನಿಂತಿದ್ದರೆ, ಒಂದು ಮೀಟರ್ ದೂರದಲ್ಲಿ ನಿಂತವರಿಗೆ ಗಂಟೆಗೆ ಇನ್ನೂರು ಮಿಲಿಸೀವರ್ಟ್‌ಗಿಂತ ಜಾಸ್ತಿ ಬೀಳುತ್ತದೆ. ವಿಕಿರಣದ ಕೆಲಸ ಮಾಡುವವರಿಗೆ ಇಡೀ ವರ್ಷಕ್ಕೆ ಇರುವ ಮಿತಿ ಸರಾಸರಿ 20 ಮಿಲಿಸೀವರ್ಟ್. ಅಂದರೆ ಐದಾರು ನಿಮಿಷಕ್ಕೆ ವರ್ಷದ ಲೆಕ್ಕ ಮುಗಿಯಿತು. ಅದೇ ಚೂರು ಯುರೇನಿಯಂ ಗೋಡೆಯೊಳಗೆ ಕೂತಿದ್ದರೆ, ಒಂದು ಮೀಟರ್ ದೂರದಲ್ಲಿ ಗಂಟೆಗೆ 0.02 ಮಿಲಿಸೀವರ್ಟ್ ದಾಟುವ ಹಾಗಿಲ್ಲ. ಹತ್ತು ಸಾವಿರದ ಒಂದು ಪಾಲು. ನಿಮ್ಮ ಊರಿನವರು ಬೈಯುತ್ತಿರುವ ಯುರೇನಿಯಂ ಮಾಡುವ ಕೆಲಸ ಇದು, ನಿಮ್ಮ ತಮ್ಮನನ್ನು ಇರಿಡಿಯಂನಿಂದ ಕಾಯುವುದು.

ಇನ್ನು ಹೆಸರಿನ ಗೊಂದಲ. ಕನ್ನಡದಲ್ಲಿ ಕೆಲವರು ಸವಕಲು ಯುರೇನಿಯಂ ಎನ್ನುತ್ತಾರೆ, ಕೆಲವರು ಕ್ಷೀಣ ಯುರೇನಿಯಂ ಎಂದು ಬರೆಯುತ್ತಾರೆ. ಎರಡೂ ಕೇಳಿದವರಿಗೆ ಅರ್ಥ ಆಗುವುದಿಲ್ಲ. ನಾನು ಹೇಳುವಾಗ ಬೆಣ್ಣೆ ತೆಗೆದ ಮಜ್ಜಿಗೆ ಎನ್ನುತ್ತೇನೆ. ನೆಲದಿಂದ ತೆಗೆದ ಯುರೇನಿಯಂನಲ್ಲಿ ನೂರಕ್ಕೆ 99.3ರಷ್ಟು ಯುರೇನಿಯಂ-238. ಯುರೇನಿಯಂ-235 ಎಂಬುದು 0.7 ಮಾತ್ರ. ಬಹಳ ರಿಯಾಕ್ಟರುಗಳಿಗೂ ಬಾಂಬಿಗೂ ಬೇಕಾದ ಬೆಣ್ಣೆ ಈ 235. ಅದನ್ನು ಕಡೆದು ಒಂದು ಕಡೆ ಸೇರಿಸುತ್ತಾರೆ. ಉಳಿದ ಮಜ್ಜಿಗೆಯಲ್ಲಿ 235 ಇನ್ನೂ ಕಡಿಮೆ, 0.2ರಿಂದ 0.3. ಜೊತೆಗೆ ಯುರೇನಿಯಂ-234 ಎಂಬ ಇನ್ನೊಂದು ಚುರುಕು ಬಗೆಯೂ ಬೆಣ್ಣೆಯ ಜೊತೆ ಹೋಗಿಬಿಡುತ್ತದೆ. ಹಾಗಾಗಿ ಉಳಿದದ್ದರ ವಿಕಿರಣ ನೆಲದಿಂದ ತೆಗೆದ ಯುರೇನಿಯಂಗಿಂತ ಸುಮಾರು ನೂರಕ್ಕೆ ನಲವತ್ತರಷ್ಟು ಕಡಿಮೆ. ಈ ಮಜ್ಜಿಗೆಯಿಂದ ಅಣುಬಾಂಬ್ ಆಗುವುದಿಲ್ಲ, ಅದಕ್ಕೆ ಬೇಕಾದ ಬೆಣ್ಣೆಯನ್ನೇ ತೆಗೆದಾಗಿದೆ.

ಇದು ಕೈಗಾ ಅಣುವಿದ್ಯುತ್ ಸ್ಥಾವರದ ಕಸ ಎಂದೂ ಯಾರಾದರೂ ಹೇಳಿಯಾರು. ಅಲ್ಲ. ಕೈಗಾದ ನಾಲ್ಕು ರಿಯಾಕ್ಟರುಗಳು ಭಾರಜಲ ಬಳಸುವಂಥವು, ಅವು ಕಡೆಯದ ಯುರೇನಿಯಂ ಉರಿಸುತ್ತವೆ. ರಿಯಾಕ್ಟರಿನಲ್ಲಿ ಉರಿದು ಹೊರಬಂದ ಇಂಧನವೇ ಬೇರೆ, ಅದರಲ್ಲಿ ಸೀಸಿಯಂ, ಸ್ಟ್ರಾಂಷಿಯಂ ಎಲ್ಲ ಹುಟ್ಟಿರುತ್ತವೆ, ಅದರ ಹತ್ತಿರ ಹೋಗುವ ಹಾಗಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗಾಬರಿ ಹುಟ್ಟುತ್ತದೆ.

ಈಗ 450 ಕೋಟಿ ವರ್ಷಕ್ಕೆ ಬರೋಣ. ನಿಮ್ಮ ಊರಿನವರು ಸುಳ್ಳು ಹೇಳಿಲ್ಲ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಅಷ್ಟು ವರ್ಷಕ್ಕೆ ಅದು ಅರ್ಧ ಆಗುತ್ತದೆ. ಆದರೆ ಈ ಸಂಖ್ಯೆಯನ್ನು ನಾವು ತಲೆಕೆಳಗೆ ಓದುತ್ತೇವೆ. ಬಚ್ಚಲ ಒಲೆಗೆ ಒಣ ತೆಂಗಿನ ಗರಿ ಹಾಕಿ ನೋಡಿ. ಭಗ್ ಎಂದು ಮೇಲೇಳುತ್ತದೆ, ಮುಖಕ್ಕೆ ಝಳ ಹೊಡೆಯುತ್ತದೆ, ಎರಡು ನಿಮಿಷಕ್ಕೆ ಬೂದಿ. ಅದೇ ಭತ್ತದ ಹೊಟ್ಟಿನ ರಾಶಿಗೆ ಕಿಡಿ ಬಿದ್ದರೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತಿರುತ್ತದೆ, ಪಕ್ಕದಲ್ಲಿ ಕೂತು ಮಾತಾಡಬಹುದು. ಬಹಳ ಕಾಲ ಬಾಳುವುದು ಮೆಲ್ಲಗೆ ಉರಿಯುತ್ತದೆ, ಅದಕ್ಕೇ ಬಹಳ ಕಾಲ ಬಾಳುತ್ತದೆ. ಇರಿಡಿಯಂ-192ರ ಅರ್ಧಾಯುಷ್ಯ 74 ದಿನ. ಒಂದು ಗ್ರಾಂ ಶುದ್ಧ ಇರಿಡಿಯಂ-192ನಲ್ಲಿ ಸೆಕೆಂಡಿಗೆ ಸುಮಾರು 340 ಲಕ್ಷ ಕೋಟಿ ಪರಮಾಣುಗಳು ಕ್ಷಯಿಸುತ್ತವೆ. ಒಂದು ಗ್ರಾಂ ಯುರೇನಿಯಂ-238ರಲ್ಲಿ ಸುಮಾರು 12,400. ನಮ್ಮ ಮೈಯೊಳಗಿನ ಪೊಟ್ಯಾಷಿಯಂ ಒಂದರಿಂದಲೇ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಆಗುತ್ತಿರುತ್ತದೆ, ನಿಮ್ಮಲ್ಲೂ, ನನ್ನಲ್ಲೂ. ಇಲ್ಲಿ ‘74 ದಿನ’ ಎಂದು ಕೇಳಿದವರು ಉಸ್ಸಪ್ಪಾ ಎನ್ನುತ್ತಾರೆ, ‘450 ಕೋಟಿ ವರ್ಷ’ ಎಂದು ಕೇಳಿದವರು ಮನೆ ಬಿಡುತ್ತಾರೆ.

ಯುರೇನಿಯಂ ಎಂಬುದು ಹೊರಗಿನಿಂದ ಬಂದ ವಸ್ತುವೂ ಅಲ್ಲ. ನಮ್ಮ ಘಟ್ಟದ ಕಲ್ಲಿನಲ್ಲಿ, ಮಣ್ಣಿನಲ್ಲಿ ಇದೆ. ಸಮುದ್ರದ ನೀರಿನಲ್ಲಿ ಸಾವಿರ ಲೀಟರಿಗೆ ಸುಮಾರು 3.3 ಮಿಲಿಗ್ರಾಂ ಇದೆ. ಕಾರವಾರದ ಕಡಲಲ್ಲೂ ಅಷ್ಟೇ, ಲಕ್ಷದ್ವೀಪದ ಕಡಲಲ್ಲೂ ಅಷ್ಟೇ, ಬಂಗಡೆ ಈಜಾಡುವುದು ಅದರಲ್ಲೇ.

ಹಾಗಾದರೆ ಡಿಪ್ಲೀಟೆಡ್ ಯುರೇನಿಯಂ ಏನೂ ಮಾಡುವುದಿಲ್ಲವಾ? ಮಾಡುತ್ತದೆ. ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ‘ಏನೂ ಆಗುವುದಿಲ್ಲ’ ಎಂದವರ ಮಾತನ್ನೂ ನಾನು ಒಪ್ಪುವುದಿಲ್ಲ.

ಅದರಿಂದ ಹೊರಡುವ ಮುಖ್ಯ ಕಿರಣ ಆಲ್ಫಾ. ಗಾಳಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಹೋಗುವಷ್ಟರಲ್ಲಿ ಸುಸ್ತಾಗುತ್ತದೆ. ಒಂದು ಹಾಳೆ ಕಾಗದ ಅದನ್ನು ತಡೆಯುತ್ತದೆ, ನಮ್ಮ ಚರ್ಮದ ಮೇಲಿನ ಸತ್ತ ಪದರವೂ ತಡೆಯುತ್ತದೆ. ಬೀಟಾ ಕಿರಣವೂ ಸ್ವಲ್ಪ ಇದೆ. ಬರೀ ಲೋಹವನ್ನು ಅಂಗೈಯಲ್ಲಿ ಒತ್ತಿ ಹಿಡಿದರೆ ಚರ್ಮಕ್ಕೆ ಗಂಟೆಗೆ 2 ಮಿಲಿಸೀವರ್ಟ್‌ನಷ್ಟು ಬೀಳುತ್ತದೆ. ಹಾಗಾಗಿ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ವಸ್ತು ಅಲ್ಲ. ಕ್ಯಾಮೆರಾದಲ್ಲಿ ಅದರ ಮೇಲೆ ಉಕ್ಕಿನ ಹೊದಿಕೆ ಇರುತ್ತದೆ, ಆ ಬೀಟಾ ಅಲ್ಲೇ ನಿಲ್ಲುತ್ತದೆ.

ಕಷ್ಟ ಶುರುವಾಗುವುದು ಅದು ಪುಡಿಯಾಗಿ ಮೈಯೊಳಗೆ ಹೋದಾಗ. ಮೈಯೊಳಗೆ ಸತ್ತ ಚರ್ಮದ ಗೋಡೆ ಇಲ್ಲ. ಉಸಿರಿನಲ್ಲಿ ಹೋದ ಕರಗದ ಪುಡಿ ಶ್ವಾಸಕೋಶದಲ್ಲಿ ಬಹಳ ಕಾಲ ಕೂರುತ್ತದೆ. ಕರಗಿದ ಯುರೇನಿಯಂ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ. ಅಲ್ಲಿ ಅದು ಮಾಡುವ ಕೇಡು ವಿಕಿರಣದ್ದಲ್ಲ, ಸೀಸ, ಪಾದರಸದ ಹಾಗೆ ಲೋಹದ ವಿಷದ್ದು. ಈ ವಿಷಯದಲ್ಲಿ ಕೇಡು ಮಾಡುವುದು ಯಾವುದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ವಿಕಿರಣ ಎನ್ನುತ್ತಾರೆ. ಆದರೆ ಮೊದಲು ಪೆಟ್ಟು ತಿನ್ನುವುದು ಕಿಡ್ನಿ. ಅದಕ್ಕೇ ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿಗೂ ಕಾರಣ ಕಿಡ್ನಿ. ನಮ್ಮ ರಾಜ್ಯದಲ್ಲೇ ಕೋಲಾರದ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಈ ಮಿತಿ ದಾಟಿದ ನೀರು ಸಿಕ್ಕಿದೆ. ಅದು ಕಲ್ಲಿನಿಂದ ತಾನಾಗಿ ಬಂದದ್ದು, ಯಾವ ಗುಂಡೂ ಅಲ್ಲಿ ಬಿದ್ದಿಲ್ಲ. ಆ ನೀರು ಕುಡಿಯುವವರ ಬಗ್ಗೆ ಯಾವ ವಾಟ್ಸಾಪ್ ಗ್ರೂಪೂ ಹೀಗೆ ಬೊಬ್ಬೆ ಹೊಡೆದದ್ದು ನನಗೆ ಕಂಡಿಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಯುದ್ಧದಲ್ಲಿ ಈ ಪುಡಿಯ ಪ್ರಶ್ನೆ ದೊಡ್ಡದು. ಯುರೇನಿಯಂ ಗುಂಡು ಟ್ಯಾಂಕಿಗೆ ಬಡಿದಾಗ ಹೊತ್ತಿಕೊಂಡು ಸಣ್ಣ ಕಪ್ಪು ಪುಡಿಯಾಗುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಸುಮಾರು 300 ಟನ್ ಬಳಸಿದರು. 1999ರಲ್ಲಿ ಕೊಸೊವೊದಲ್ಲಿ ವಿಮಾನಗಳಿಂದ ಸುಮಾರು 31,000 ಗುಂಡು ಹಾರಿಸಿದರು, ಒಂದೊಂದರಲ್ಲಿ 300 ಗ್ರಾಂನಷ್ಟು. 2001ರ ಜನವರಿ ಹೊತ್ತಿಗೆ ಇಟಲಿಯ ಸೈನಿಕರಿಗೆ ರಕ್ತದ ಕ್ಯಾನ್ಸರ್ ಬಂದಿದೆ ಎಂದು ಯುರೋಪಿನ ತುಂಬ ಗದ್ದಲವಾಯಿತು. ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಹೋಗಿ ಮಣ್ಣು, ನೀರು, ಹಾಲು ಎಲ್ಲ ತೆಗೆದು ನೋಡಿದರು. ಗುಂಡು ಬಿದ್ದ ಜಾಗದ ಆಚೆ ಹೇಳಿಕೊಳ್ಳುವಂಥ ಮಾಲಿನ್ಯ ಸಿಗಲಿಲ್ಲ. ಆದರೂ ಬಿದ್ದ ಗುಂಡುಗಳನ್ನು ಹೆಕ್ಕಿ ತೆಗೆಯಿರಿ, ನೀರನ್ನು ಆಗಾಗ ಪರೀಕ್ಷೆ ಮಾಡಿ ಎಂದು ಹೇಳಿದರು. ಅಮೆರಿಕದಲ್ಲಿ, ತಮ್ಮದೇ ಪಡೆಯ ಗುಂಡು ತಾಗಿ ಮೈಯೊಳಗೆ ಈ ಲೋಹದ ಚೂರುಗಳು ಉಳಿದುಹೋದ ಸೈನಿಕರನ್ನು 1990ರ ದಶಕದಿಂದಲೂ ನೋಡುತ್ತಾ ಬಂದಿದ್ದಾರೆ. ಅವರ ಮೂತ್ರದಲ್ಲಿ ಇಂದಿಗೂ ಯುರೇನಿಯಂ ಜಾಸ್ತಿ ಇದೆ, ಕಿಡ್ನಿ ಕೆಟ್ಟದ್ದು ಕಂಡಿಲ್ಲ. ಇಷ್ಟಾದರೂ ಗುಂಡು ತಗುಲಿದ ಟ್ಯಾಂಕಿನೊಳಗೆ ಮಕ್ಕಳು ಆಡಬಾರದು, ಬಿದ್ದ ಗುಂಡನ್ನು ಮನೆಗೆ ತರಬಾರದು. ಎರಡು ಮಾತೂ ಒಟ್ಟಿಗೆ ನಿಜ.

ಆ ಗದ್ದಲದ ನಡುವೆ ಇನ್ನೊಂದು ಆಯಿತು. ಕೊಸೊವೊದ ಗುಂಡುಗಳನ್ನು ಲ್ಯಾಬಿನಲ್ಲಿ ನೋಡಿದಾಗ, ರಿಯಾಕ್ಟರಿನಲ್ಲಿ ಹುಟ್ಟುವ ಯುರೇನಿಯಂ-236 ಮತ್ತು ಪ್ಲುಟೋನಿಯಂನ ತೀರ ಸಣ್ಣ ಕುರುಹು ಸಿಕ್ಕಿತು. ಅದು ಅಪಾಯವನ್ನು ಹೆಚ್ಚಿಸುವಷ್ಟು ಇರಲಿಲ್ಲ. ಆದರೆ ‘ಬರೀ ಯುರೇನಿಯಂ’ ಎಂದು ಕೇಳಿಕೊಂಡು ಬಂದಿದ್ದ ಜನ ಇದನ್ನು ಪೇಪರಿನಲ್ಲಿ ಓದಿದರು. ಆಮೇಲೆ ಯಾವ ವಿಜ್ಞಾನಿ ಎಷ್ಟು ಸರಿಯಾದ ಲೆಕ್ಕ ಕೊಟ್ಟರೂ ಕೇಳುವವರು ಯಾರು?

ಹೀಗೆ ಜನ ಮಾತು ನಂಬದೆ ಹೋದ ಒಂದು ಸಭೆಯಲ್ಲಿ ನಾನೂ ಇದ್ದೆ. ಬಹಳ ವರ್ಷದ ಹಿಂದೆ, ಕಾಳಿ ನದಿ ದಂಡೆಯ ಒಂದು ಊರಿನ ಶಾಲೆಯಲ್ಲಿ. ಊರಿನವರ ಎದುರು ನಾನು ಅರ್ಧ ಗಂಟೆ ಮಾತಾಡಿದೆ, ಪಟ ತೋರಿಸಿದೆ, ಏನೂ ಆಗುವುದಿಲ್ಲ ಎಂದು ಮೂರು ನಾಲ್ಕು ಸಲ ಹೇಳಿದೆ. ಹಿಂದಿನ ಬೆಂಚಿನಲ್ಲಿ ಮೀನು ಮಾರುವ ಒಬ್ಬ ಅಜ್ಜಿ ಕೂತಿದ್ದಳು, ಬುಟ್ಟಿಯನ್ನು ಕಾಲ ಹತ್ತಿರ ಇಟ್ಟುಕೊಂಡು. ಎದ್ದು ನಿಂತು ಕೇಳಿದಳು: “ಏನೂ ಆಗೋದಿಲ್ಲ ಅಂತೀರಿ. ಮತ್ತೆ ನಿಮ್ಮ ಎದೆ ಮೇಲೆ ಆ ಬಿಲ್ಲೆ ಯಾಕೆ?” ನನ್ನ ಅಂಗಿಗೆ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದೆ, ಕೆಲಸದಿಂದ ನೇರ ಬಂದಿದ್ದೆ. ವಿಕಿರಣ ಎಷ್ಟು ಬಿತ್ತು ಎಂದು ಲೆಕ್ಕ ಇಡುವ ಬಿಲ್ಲೆ ಅದು. ನಾನು “ಅದು ನಿಯಮ ಅಜ್ಜಿ” ಎಂದೆ. ಅವಳು ಕೂತುಕೊಂಡಳು. ಅಲ್ಲಿಂದ ಮುಂದೆ ಸಭೆಯಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ.

ಅಜ್ಜಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ: “ಅಜ್ಜಿ, ನನ್ನ ಕೆಲಸದಲ್ಲಿ ಅಪಾಯ ಇದೆ, ಅದಕ್ಕೇ ಲೆಕ್ಕ ಇಡುತ್ತಾರೆ. ನಿಮ್ಮ ಮನೆಯ ಹತ್ತಿರ ಎಷ್ಟಿದೆ ಎಂದು ಈಗಲೇ ಮೀಟರ್ ಇಟ್ಟು ತೋರಿಸುತ್ತೇನೆ ಬನ್ನಿ.” ವಿಕಿರಣ ಅಳೆಯುವ ಮೀಟರ್ ಜೀಪಿನಲ್ಲೇ ಇತ್ತು. ಈ ಜಿಲ್ಲೆಯ ಜನ ಸುಮ್ನೆ ಅನುಮಾನ ಪಡುವವರಲ್ಲ. ಕಾಳಿಯ ಅಣೆಕಟ್ಟುಗಳಿಗೆ, ಕೈಗಾಕ್ಕೆ, ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರು. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕುಸಿದದ್ದನ್ನು, 2009ರ ನವೆಂಬರಿನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣ ವಸ್ತು ಸೇರಿ ಹಲವು ನೌಕರರ ಮೂತ್ರದಲ್ಲಿ ಅದು ಪತ್ತೆಯಾದದ್ದನ್ನು ಪೇಪರಿನಲ್ಲಿ ಓದಿದವರು. ಅವರಿಗೆ ‘ಏನೂ ಇಲ್ಲ’ ಎಂಬ ಮಾತು ಸಾಲುವುದಿಲ್ಲ. ಎಷ್ಟು ಇದೆ, ಎಲ್ಲಿ ಇದೆ, ಹೇಗೆ ಒಳಗೆ ಬರುತ್ತದೆ ಎಂಬ ಲೆಕ್ಕ ಕೊಡಬೇಕು. ನಿಮ್ಮ ಅಕ್ಕಪಕ್ಕದವರ ಮೇಲೆ ಸಿಟ್ಟಾಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅವರಿಗೆ ಆ ಲೆಕ್ಕವನ್ನು ಯಾರೂ ಕೊಟ್ಟಿಲ್ಲ.

ಲೆಕ್ಕ ಇಲ್ಲದ ಕಡೆ ಮೀಟರ್ ಕೂಡ ಗಾಬರಿ ಹುಟ್ಟಿಸುತ್ತದೆ. 2023ರ ಮಾರ್ಚಿನಲ್ಲಿ ಬ್ರಿಟನ್ ಉಕ್ರೇನಿಗೆ ಡಿಪ್ಲೀಟೆಡ್ ಯುರೇನಿಯಂ ಗುಂಡು ಕೊಡುತ್ತೇವೆ ಎಂದಿತು. ಮೇ 13ಕ್ಕೆ ಅಲ್ಲಿನ ಖ್ಮೆಲ್ನಿಟ್ಸ್ಕಿ ಹತ್ತಿರ ಮದ್ದುಗುಂಡಿನ ಉಗ್ರಾಣ ಸ್ಫೋಟವಾಯಿತು. ಕೆಲವೇ ದಿನಕ್ಕೆ ಯುರೇನಿಯಂ ಮೋಡ ಪೋಲೆಂಡಿಗೆ ಬಂದಿದೆ, ಲುಬ್ಲಿನ್ ಊರಿನ ಮೀಟರ್ ಏರಿದೆ ಎಂದು ಲೋಕದ ತುಂಬ ಸುದ್ದಿ. ಮೀಟರ್ ಏರಿದ್ದು ನಿಜ. ಆದರೆ ಅದು ಬಿಸ್ಮತ್ ಎಂದು ಅಲ್ಲಿಯವರು ತೋರಿಸಿದರು. ನೆಲದಿಂದ ಏಳುವ ರೇಡಾನ್ ಅನಿಲದ ಮರಿ ಅದು, ಮಳೆ ಬಂದಾಗ ಗಾಳಿಯಿಂದ ನೆಲಕ್ಕೆ ಇಳಿಯುತ್ತದೆ. ಶುದ್ಧ ಮಾಡಿದ ಯುರೇನಿಯಂನಲ್ಲಿ ಬಿಸ್ಮತ್ ಲೆಕ್ಕಕ್ಕೆ ಸಿಗುವಷ್ಟು ಹುಟ್ಟಬೇಕಾದರೆ ಸಾವಿರಾರು ವರ್ಷ ಬೇಕು. ನಮ್ಮ ಕಡೆಯೂ ಇದನ್ನು ನೋಡಬಹುದು. ಜೂನ್ ಮೊದಲ ಜೋರು ಮಳೆಗೆ ಜಗಲಿಯ ಮೇಲೆ ಸರ್ವೇ ಮೀಟರ್ ಇಟ್ಟು ಕೂತಿದ್ದೇನೆ. ಹಂಚಿನಿಂದ ನೀರು ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಕಟಕಟ ಜಾಸ್ತಿಯಾಗುತ್ತದೆ, ಮಳೆ ನಿಂತು ಒಂದೆರಡು ಗಂಟೆಗೆ ಮೊದಲಿನ ಹಾಗೆ ಆಗುತ್ತದೆ. ಆ ಬಿಸ್ಮತ್‌ನ ಅರ್ಧಾಯುಷ್ಯ 20 ನಿಮಿಷ.

ಈಗ ಇರಿಡಿಯಂ. 1999ರ ಫೆಬ್ರವರಿ, ಪೆರು ದೇಶದ ಯಾನಾಂಗೊ ಎಂಬಲ್ಲಿ ಜಲವಿದ್ಯುತ್ ಯೋಜನೆಯ ಸೈಟು. ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಇರಿಡಿಯಂ ಮೂಲವನ್ನು ಒಬ್ಬ ವೆಲ್ಡರ್ ನೋಡಿದ. ಏನೋ ಹೊಳೆಯುವ ತಂತಿ ತುಂಡು ಎಂದುಕೊಂಡು ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ. ಸುಮಾರು ಆರು ಗಂಟೆ ಜೇಬಿನಲ್ಲಿತ್ತು, ಮನೆಗೂ ಹೋಯಿತು. ಮೊದಲು ತೊಡೆಯ ಹಿಂದೆ ಹುಳ ಕಚ್ಚಿದ ಹಾಗೆ ಕೆಂಪಾಯಿತು. ಕೊನೆಗೆ ಬಲಗಾಲನ್ನು ಬುಡದಿಂದ ತೆಗೆಯಬೇಕಾಯಿತು. ನಮ್ಮಲ್ಲೂ 2010ರ ಏಪ್ರಿಲಿನಲ್ಲಿ ದಿಲ್ಲಿಯ ಮಾಯಾಪುರಿ ಗುಜರಿಯಲ್ಲಿ ಹಳೆಯ ಯಂತ್ರವೊಂದನ್ನು ಒಡೆದು, ಒಳಗಿದ್ದ ಕೋಬಾಲ್ಟ್-60 ಹೊರಬಿದ್ದು ಒಬ್ಬರು ತೀರಿಕೊಂಡರು. ಚಹಾ ಅಂಗಡಿ ಎದುರಿನ ಜೀಪು ನನ್ನನ್ನು ಯಾಕೆ ಹೆದರಿಸಿತು ಎಂದು ಈಗ ತಿಳಿಯಿತಲ್ವಾ? ಆ ಪೆಟ್ಟಿಗೆ ಕಳುವಾಗಿ ಗುಜರಿಗೆ ಹೋದರೆ ಯುರೇನಿಯಂ ಯಾರನ್ನೂ ಕೊಲ್ಲುವುದಿಲ್ಲ, ಒಳಗಿನ ಚೂರು ಕೊಲ್ಲಬಲ್ಲದು.

ಕೆಲಸ ಬಿಡಿಸಬೇಕಾ ಎಂದು ಕೇಳಿದಿರಿ. ಅದಕ್ಕೆ ಉತ್ತರ ಕಂಪನಿ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿದೆ, ತಮ್ಮನನ್ನು ಕೂರಿಸಿಕೊಂಡು ಕೇಳಿ. ಅವನ ಟಿಎಲ್‌ಡಿ ಬ್ಯಾಡ್ಜನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸಿ ಡೋಸ್ ಎಷ್ಟೆಂದು ರಿಪೋರ್ಟ್ ತರಿಸುತ್ತಾರೆ. ಕಳೆದ ಎರಡು ವರ್ಷದ್ದು ಅವನು ನೋಡಿದ್ದಾನಾ? ನೋಡುವುದು ಅವನ ಹಕ್ಕು. ವರ್ಷಕ್ಕೆ 20ರ ಹತ್ತಿರ ಹೋಗುತ್ತಿದ್ದರೆ ಏನೋ ತಪ್ಪಿದೆ. ಆದರೆ ದಿನಾ ರಾತ್ರಿ ಶಾಟ್, ಅಂದರೆ ಫಿಲ್ಮ್, ತೆಗೆಯುವವನ ರಿಪೋರ್ಟಿನಲ್ಲಿ ಪ್ರತಿ ಸಲವೂ ಸೊನ್ನೆ ಬರುತ್ತಿದ್ದರೆ ನನಗೆ ಇನ್ನೂ ಜಾಸ್ತಿ ಅನುಮಾನ. ಬ್ಯಾಡ್ಜ್ ಆಫೀಸಿನ ಡ್ರಾಯರಿನಲ್ಲೇ ಇರುತ್ತದೆ ಎಂದರ್ಥ. ಇದನ್ನು ನಾನು ಎಷ್ಟೋ ಸೈಟುಗಳಲ್ಲಿ ನೋಡಿದ್ದೇನೆ.

ಆಮೇಲೆ ಸರ್ವೇ ಮೀಟರ್. ಪ್ರತಿ ಶಾಟ್ ಆದ ಮೇಲೆ, ಕ್ರ್ಯಾಂಕ್ (ತಂತಿ ಎಳೆಯುವ ಹಿಡಿಕೆ) ತಿರುಗಿಸಿ ಇರಿಡಿಯಂ ಚೂರನ್ನು ಒಳಗೆ ಎಳೆದುಕೊಂಡ ಮೇಲೆ, ಮೀಟರ್ ಕೈಯಲ್ಲಿ ಹಿಡಿದುಕೊಂಡೇ ಕ್ಯಾಮೆರಾ ಹತ್ತಿರ ಹೋಗುತ್ತಾನಾ? ಬ್ಯಾಟರಿ ಇದೆಯಾ? ಕ್ರ್ಯಾಂಕ್ ಪೂರ್ತಿ ತಿರುಗಿತು ಎಂದ ಮಾತ್ರಕ್ಕೆ ಚೂರು ಒಳಗೆ ಬಂತು ಎಂದಲ್ಲ. ತಂತಿ ಕಳಚಿ ಅದು ಹೊರಗಿನ ಕೊಳವೆಯಲ್ಲೇ ಉಳಿದಿರಬಹುದು. ಇದನ್ನು ಹೇಳುವುದು ಮೀಟರ್ ಒಂದೇ, ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಿಳಿಯುವುದಿಲ್ಲ. ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡುತ್ತಾರಾ, ಸೈಟಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಒಪ್ಪಿದ ಸುರಕ್ಷತಾ ಅಧಿಕಾರಿ ಇದ್ದಾರಾ, ಅದನ್ನೂ ಕೇಳಿ. ಇವಕ್ಕೆಲ್ಲ ಹೌದು ಎಂದರೆ ಕೆಲಸ ಮುಂದುವರಿಸಲಿ, ಒಳ್ಳೆಯ ಕಸುಬು. ಮೀಟರ್ ಕೆಟ್ಟು ತಿಂಗಳಾಯಿತು ಎಂದರೆ ಆ ಕಂಪನಿ ಬಿಡಲಿ, ನಾಳೆಯೇ.

ಮೊದಲೇ ಹೇಳಿದ ಅಪವಾದ ಇದು. ಹಳೆಯ ಕ್ಯಾಮೆರಾಗಳಲ್ಲಿ ತಂತಿ ಸಾವಿರಾರು ಸಲ ಓಡಾಡಿ ಆ ಡೊಂಕು ಕೊಳವೆಯ ಗೋಡೆ ಸವೆಯುತ್ತದೆ. ಸವೆದು ತೂತಾದರೆ ತಂತಿ ಯುರೇನಿಯಂಗೇ ಉಜ್ಜುತ್ತದೆ, ಕಪ್ಪು ಪುಡಿ ಹೊರಬರುತ್ತದೆ. ಒಮ್ಮೆ ಅಂಥ ಕೊಳವೆಯೊಳಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ತೆಗೆದೆ, ತುದಿ ಕಾಡಿಗೆ ಹಚ್ಚಿದ ಹಾಗೆ ಬಂತು. ಆ ಕ್ಯಾಮೆರಾವನ್ನು ಅಂದೇ ಕೆಲಸದಿಂದ ತೆಗೆಸಿದೆ. ಈ ಪುಡಿ ಕೈಗೆ, ಬಟ್ಟೆಗೆ ಅಂಟಬಹುದು, ಊಟದ ಜೊತೆ ಹೊಟ್ಟೆಗೂ ಹೋಗಬಹುದು. ಅದಕ್ಕೇ ಹೀಗೆ ಒರೆಸಿ ಪುಡಿ ಇದೆಯಾ ಎಂದು ನೋಡುವ ವೈಪ್ ಟೆಸ್ಟ್ ಎಂದು ಇದೆ. ತಮ್ಮ ಬಳಸುವ ಕ್ಯಾಮೆರಾಕ್ಕೆ ಅದು ಯಾವಾಗ ಆಯಿತು ಎಂದು ಕೇಳಲಿ. ಆಗಿಲ್ಲ ಎಂದರೆ ಮಾಡಿಸುವವರೆಗೆ ಕೈಗವಸು ಹಾಕಿಕೊಳ್ಳಲಿ. ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಲಿ.

ತಮ್ಮನ ಹೆಂಡತಿಯ ತಂದೆ ತಾಯಿಗೆ ಈ ಉತ್ತರ ಓದಿ ಹೇಳಿ, ಅವರ ಪ್ರಶ್ನೆ ಏನಾದರೂ ಉಳಿದರೆ ನನಗೆ ಬರೆಯಲಿ. ಊರಿನ ಗ್ರೂಪಿಗೆ ಇದನ್ನು ಹಾಕಿ, ಉದ್ದ ಆದರೆ ಯಾರೂ ಓದುವುದಿಲ್ಲ ಎಂದು ಚಿಕ್ಕದಾಗಿ ಬರೆದಿದ್ದೇನೆ:

“ಫೋಟೊದಲ್ಲಿರುವ ಪೆಟ್ಟಿಗೆ ವೆಲ್ಡಿಂಗ್ ಪರೀಕ್ಷೆ ಮಾಡುವ ಯಂತ್ರ. ಅದರ ಮೇಲೆ ಬರೆದ ಯುರೇನಿಯಂ, ಒಳಗಿನ ವಿಕಿರಣ ಹೊರಗೆ ಬರದ ಹಾಗೆ ತಡೆಯುವ ಲೋಹದ ಗೋಡೆ. ಅದರಿಂದ ಬಾಂಬ್ ಆಗುವುದಿಲ್ಲ. ಆ ಕೆಲಸ ಮಾಡುವವರ ಜೊತೆ ಕೂತರೆ, ಅವರ ಮಕ್ಕಳ ಜೊತೆ ಆಡಿದರೆ ಏನೂ ತಾಗುವುದಿಲ್ಲ. ಆದರೆ ಇಂಥ ಪೆಟ್ಟಿಗೆ ಎಲ್ಲಿಯಾದರೂ ಯಾರೂ ಇಲ್ಲದೆ ಬಿದ್ದಿದ್ದರೆ ಮುಟ್ಟಬೇಡಿ, ಒಡೆಯಬೇಡಿ, ಗುಜರಿಗೆ ಕೊಡಬೇಡಿ. ಸೈಟಿನ ಹತ್ತಿರ ನೆಲದಲ್ಲಿ ಬೆರಳುದ್ದದ ತಂತಿ, ತುದಿಯಲ್ಲಿ ಹೊಳೆಯುವ ಸಣ್ಣ ಲೋಹದ ಗುಂಡಿ ಕಂಡರೆ ಎತ್ತಬೇಡಿ. ಮಕ್ಕಳನ್ನು ದೂರ ಕರೆದುಕೊಂಡು ಹೋಗಿ, ನೀವು ದೂರದಲ್ಲಿ ನಿಂತು 112ಕ್ಕೆ ಫೋನ್ ಮಾಡಿ.”